ಕಡ್ಡಿಯ ಅಳತೆ

ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯನ್ನು ನನ್ನ ತಂಗಿ ತಂದು ಅಂಟಿಸಿದ್ದು ನನ್ನ ಕಟಿಂಗ್ ಮೇಜಿನ ಎದುರಿನ ಗೋಡೆಗೆ. "ನನ್ನ ನೋಡ್ಕೊಳ್ಳೋಳು ನೀನು ತಾನೆ, ನೀನೇ ಓದ್ಕೋ" ಅಂದಳು. ಹಾಳೆಯ ಎಡಗಡೆ ‘ಮೊದಲು’, ಬಲಗಡೆ ‘ನಂತರ’. ಮೊದಲು ಏನೇನು ಮಾಡಬೇಕು ಅಂದರೆ, ಸಿಗರೇಟಿದ್ದರೆ ವಾರಗಟ್ಟಲೆ ಮುಂಚೆ ಬಿಡಬೇಕು, ನುಂಗುವ ಮಾತ್ರೆಯಿಂದ ಹಿಡಿದು ಕುಡಿಯುವ ಕಷಾಯದವರೆಗೆ ಎಲ್ಲವನ್ನೂ ಡಾಕ್ಟರಿಗೆ ಹೇಳಬೇಕು, ಏನನ್ನೂ ಮುಚ್ಚಿಡಬಾರದು. ನಂತರ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಮಗ್ಗುಲಾಗಿ ಮಲಗಬಾರದು, ಭಾರ ಹೊರಬಾರದು, ಹೊಲಿಗೆ ಒದ್ದೆಯಾಗಬಾರದು. ಇಪ್ಪತ್ತು ವರ್ಷದಿಂದ ಹೊಲಿಗೆಯೇ ನನ್ನ ಕಸುಬು. ಬಟ್ಟೆಯಲ್ಲಿ ತಪ್ಪಾದರೆ ಬಿಚ್ಚಿ ಮತ್ತೆ ಹಾಕುತ್ತೇನೆ. ಮೈಗೆ ಹಾಗಾಗುವುದಿಲ್ಲವಲ್ಲ ಅಂತ ಆ ಹಾಳೆ ಕಂಡಾಗಲೆಲ್ಲ ಮೈ ಉರಿಯುತ್ತಿತ್ತು.

ತಂಗಿಗೆ ಮೂವತ್ತನಾಲ್ಕು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರ ಮುಖಕ್ಕೆ ಫ್ರೇಮು ಕೂರಿಸಿ, ಕಿವಿಯ ಹಿಂದೆ ಒತ್ತುತ್ತದೆಯೇ, ಮೂಗಿನ ಮೇಲೆ ಜಾರುತ್ತದೆಯೇ ಅಂತ ನೋಡಿ ಸರಿ ಮಾಡುವುದು. ಅದರಲ್ಲಿ ಅವಳನ್ನು ಮೀರಿಸುವವರಿಲ್ಲ. ಶಾಲೆಯಲ್ಲಿದ್ದಾಗ ಅವಳಿಗೆ ಬಿದ್ದ ಹೆಸರು ಕಡ್ಡಿ. ಆ ಹೆಸರಿಟ್ಟ ಹುಡುಗಿಯರೆಲ್ಲ ಈಗ ಎಲ್ಲೆಲ್ಲಿದ್ದಾರೋ, ಹೆಸರು ಮಾತ್ರ ನಮ್ಮ ಮನೆಯಲ್ಲೇ ಉಳಿಯಿತು. ಅಮ್ಮ ಈಗಲೂ "ಕಡ್ಡೀ, ಬಾಗಿಲು ಹಾಕ್ಕೊಂಡು ಹೋಗೇ" ಅಂತಲೇ ಕೂಗುವುದು.

ಎದೆ ದೊಡ್ಡದು ಮಾಡಿಸಿಕೊಳ್ಳುತ್ತೇನೆ ಅಂತ ಅವಳು ಹೇಳಿದ ದಿನ ನಾನು ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೇ ಮರೆತು ಒಂದು ಒಳ್ಳೆಯ ತೋಳು ಸುಟ್ಟೆ.

"ಯಾರಿಗೋಸ್ಕರ?" ಅಂದೆ.

"ನನಗೋಸ್ಕರ. ನೀನು ಹೊಲಿದ ಗೌನು ಹಾಕ್ಕೊಂಡು ಕನ್ನಡಿ ನೋಡಿದ್ರೆ ಹೆಂಗಸು ಕಾಣ್ತಾಳೆ. ಸ್ನಾನ ಮಾಡಿ ಬಂದು ನೋಡಿದ್ರೆ ಕಡ್ಡಿ. ಎರಡು ಜನ ಆಗಿ ಸಾಕಾಗಿದೆ ಕಣೇ. ಗೌನಿನೊಳಗಿರೋಳು ಗೌನು ತೆಗೆದ್ಮೇಲೂ ಇರ್ಬೇಕು."

ನಾನು ಸುಟ್ಟ ತೋಳನ್ನು ಬಿಚ್ಚತೊಡಗಿದೆ. ಅಮ್ಮ ಬಿಡಲಿಲ್ಲ. "ಮೂಗಿಗಿಂತ ಮೂಗುತಿ ಭಾರ ಆಗ್ಬಾರ್ದು ನೋಡು" ಅಂದಳು. ತಂಗಿ, "ಮೂಗೇ ಇಲ್ದೋಳಿಗೆ ಮೂಗುತಿ ಮಾತು ಯಾಕಮ್ಮ" ಅಂದಳು. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ.

ಮೊದಲ ಭೇಟಿಗೆ ನಾನೂ ಹೋದೆ. ‘ನೀವು ಹೇಗೆ ಕಾಣಬೇಕು ಅಂತ ಇದೆಯೋ ಆ ಬಟ್ಟೆ ತನ್ನಿ’ ಅಂತ ಆಸ್ಪತ್ರೆಯವರು ಫೋನಿನಲ್ಲಿ ಹೇಳಿದ್ದರಂತೆ. ತಂಗಿ ನನ್ನ ಹಸಿರು ಗೌನು ಹಾಕಿಕೊಂಡೇ ಬಂದಿದ್ದಳು. ಡಾಕ್ಟರು ನನ್ನಷ್ಟೇ ವಯಸ್ಸಿನ ಹೆಂಗಸು. ಅವಸರವಿಲ್ಲದ ಮಾತು. ಎದೆಯ ಅಗಲವನ್ನು, ಚರ್ಮ ಎಷ್ಟು ಎಳೆದರೆ ಎಷ್ಟು ಬರುತ್ತದೆ ಅನ್ನುವುದನ್ನು ಅಳೆದಳು. ಟೇಪು ಹಿಡಿಯುವ ರೀತಿ ನೋಡಿಯೇ ಕೆಲಸ ಗೊತ್ತಿರುವವಳು ಅಂತ ನನಗೆ ತಿಳಿಯಿತು.

"ಇದು ಒಂದು ಸಲ ಮಾಡಿ ಮರೆತುಬಿಡೋದಲ್ಲ" ಅಂದಳು ಡಾಕ್ಟರು. "ಒಳಗಿಡೋ ಇಂಪ್ಲಾಂಟು ಜೀವಮಾನ ಪೂರ್ತಿ ಬರುತ್ತೆ ಅಂತ ಯಾರೂ ಮಾತು ಕೊಡೋಕಾಗಲ್ಲ. ಒಂದಲ್ಲ ಒಂದು ದಿನ ಬದಲಾಯಿಸ್ಬೇಕಾಗ್ಬಹುದು. ಕೆಲವರಿಗೆ ಅದರ ಸುತ್ತ ಗಟ್ಟಿಯಾಗಿ ಬಿಗಿಯುತ್ತೆ. ಕೆಲವರಿಗೆ ಮುಟ್ಟಿದ್ರೆ ಗೊತ್ತಾಗಲ್ಲ, ಆ ಸ್ಪರ್ಶ ವಾಪಸ್ ಬಂದ್ರೂ ಬಂತು, ಇಲ್ದಿದ್ರೆ ಇಲ್ಲ. ಮುಂದೆ ಎದೆ ಸ್ಕ್ಯಾನಿಂಗ್‌ಗೆ ಹೋದಾಗ ಹೀಗಿದೆ ಅಂತ ಹೇಳ್ಬೇಕು. ಇಷ್ಟೆಲ್ಲ ಕೇಳಿದ್ಮೇಲೂ ಬೇಕು ಅನ್ಸಿದ್ರೆ ಮಾಡೋಣ."

"ಬೇಕು" ಅಂದಳು ತಂಗಿ.

ಡಾಕ್ಟರು ಗೌನಿನ ಎದೆಭಾಗವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು. "ಒಳಗೆ ಪ್ಯಾಡ್ ಇದೆ ಅಲ್ವಾ? ಎಷ್ಟು ದಪ್ಪ?"

"ನಮ್ಮಕ್ಕನೇ ಹೊಲಿದಿದ್ದು. ಅವಳನ್ನೇ ಕೇಳಿ."

ಇಬ್ಬರೂ ನನ್ನ ಕಡೆ ತಿರುಗಿದರು.

"ತೆಳುವಾಗಿ ಒಂದು ಪದರ" ಅಂದೆ. "ಲೈನಿಂಗ್ ಚೆನ್ನಾಗಿ ಕೂರಲಿ ಅಂತ ಎಲ್ಲರಿಗೂ ಹಾಕೋದೇ ಅದು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆವತ್ತು ಕೊಟ್ಟು, ಆಮೇಲೆ ನನ್ನ ಗೋಡೆಗೇರಿದ ಆ ಹಾಳೆಯಲ್ಲಿ ‘ಏನನ್ನೂ ಮುಚ್ಚಿಡಬಾರದು’ ಅಂತ ಬರೆದದ್ದು ರೋಗಿಗೆ. ರೋಗಿಯ ಅಕ್ಕನಿಗೆ ಅಂತ ಬೇರೆ ಸಾಲು ಇರಲಿಲ್ಲ.

ನಿಜ ಏನೆಂದರೆ ಒಳಗಿದ್ದದ್ದು ಮೂರು ಪದರ. ಸುರುವಾಗಿದ್ದು ಒಂದರಿಂದಲೇ. ಅವಳಿಗೆ ಹದಿನೈದು, ನನಗೆ ಇಪ್ಪತ್ತು, ಹೊಲಿಗೆಗೆ ನಾನಿನ್ನೂ ಹೊಸಬಳು. ಶಾಲೆಯ ಸಮಾರಂಭದ ಹಿಂದಿನ ದಿನ ಅಳುತ್ತಾ ಬಂದು ಮೂಲೆಯಲ್ಲಿ ಕೂತಳು. ನಾನು ಲೈನಿಂಗಿನ ಒಳಗೆ ಒಂದು ಪದರ ಸ್ಪಂಜು ಇಟ್ಟು ಹೊಲಿದುಕೊಟ್ಟೆ, ಅವಳಿಗೆ ಹೇಳಿಯೇ. ಹಾಕಿಕೊಂಡು ಬೆನ್ನು ನೇರ ಮಾಡಿ ನಡೆದು ಹೋದಳು. ಅದಾದ ಮೇಲೆ ಎರಡನೆಯದು ಹಾಕುವಾಗ ಹೇಳಲಿಲ್ಲ. ಮೂರನೆಯದಕ್ಕೂ ಹೇಳಲಿಲ್ಲ. ಕೆಳಗಿನದಕ್ಕಿಂತ ಮೇಲಿನದನ್ನು ಚಿಕ್ಕದು ಮಾಡಿ, ಅಂಚನ್ನು ಕತ್ತರಿಯಲ್ಲಿ ಸವರಿ ಸವರಿ ಇಳಿಸಿ, ಕೈಯಾಡಿಸಿದರೂ ಎಲ್ಲಿ ಮುಗಿಯಿತು ಅಂತ ಗೊತ್ತಾಗದ ಹಾಗೆ ಕೂರಿಸುತ್ತಿದ್ದೆ. ದಪ್ಪವಾಗಿದೆಯಲ್ಲ ಅಂತ ಅವಳು ಒಂದೆರಡು ಸಲ ಕೇಳಿದ್ದುಂಟು. ಬಟ್ಟೆ ದಪ್ಪ, ಲೈನಿಂಗು ಎರಡು, ಎದೆ ಹತ್ತಿರ ಬಟ್ಟೆ ಮಡಿಸಿ ನಾಲ್ಕು ಡಾರ್ಟು ಬೇರೆ ಹಿಡಿದಿದ್ದೀನಿ ಅಂತ ಬಾಯಿ ಮುಚ್ಚಿಸಿದ್ದೆ. "ನಮ್ಮಕ್ಕನ ಕಟಿಂಗೇ ಹಾಗೆ, ಕಡ್ಡಿಗೂ ಮೈ ಬರ್ಸುತ್ತೆ" ಅಂತ ಅವಳು ಕನ್ನಡಕದಂಗಡಿಯಲ್ಲಿ ಹೇಳಿಕೊಂಡು ತಿರುಗಿದಳು. ಕೇಳಿದವರು ನನ್ನ ಬಾಗಿಲಿಗೆ ಬಂದರು. "ನಿಮ್ಮ ತಂಗಿ ಹಾಕಿದ್ದು ನೋಡಿದ್ವಿ, ಅಂಥದ್ದೇ ಬೇಕು" ಅಂದರು. ಅವಳಿಗೆ ಒಳ್ಳೆಯದಾಗಲಿ ಅಂತ ಮಾಡಿದ್ದು ಅಂದುಕೊಂಡಿದ್ದೆ. ಅರ್ಧ ಅದು, ಇನ್ನರ್ಧ ಹೊಗಳಿಕೆಯ ಆಸೆ.

ಡಾಕ್ಟರು ನನ್ನ ಮಾತು ನಂಬಿದಳು. ಯಾಕೆ ನಂಬಬಾರದು? "ಒಂದು ತೆಳು ಪದರ ಅಂದ್ರೆ ಸರಿ. ನಿಮ್ಮ ಎದೆಗೂಡು ಸಣ್ಣದು. ಅದಕ್ಕೆ ಹೊಂದೋ ಅಳತೆ ಇದು, ಇದಕ್ಕಿಂತ ದೊಡ್ಡದು ನಾನು ಹಾಕಲ್ಲ. ಹಾಕಿದ್ರೆ ಅಂಚು ಎದ್ದು ಕಾಣುತ್ತೆ, ಚರ್ಮ ತೆಳುವಾಗುತ್ತೆ" ಅಂದಳು. ಬಟ್ಟೆಯೊಳಗೆ ಇಟ್ಟು ನೋಡಿಕೊಳ್ಳಲು ಅದೇ ಅಳತೆಯ ಮಾದರಿ ಕೊಟ್ಟಳು. ತಂಗಿ ತೆಳ್ಳನೆಯ ಬನಿಯನಿನೊಳಗೆ ಅದನ್ನಿಟ್ಟುಕೊಂಡು ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿದಳು. "ಗೌನಿನಷ್ಟೇ ಇದೆ ಅಲ್ವಾ ಅಕ್ಕ?"

"ಹೂಂ" ಅಂದೆ. ಇರಲಿಲ್ಲ. ನನ್ನ ಕಣ್ಣಳತೆ ತಪ್ಪುವುದಿಲ್ಲ.

ಆಪರೇಷನ್ ಸರಿಯಾಗಿ ಆಯಿತು. ಆಮೇಲಿನ ಹದಿನೈದು ದಿನ ಮಾತ್ರ ನನ್ನ ಶತ್ರುವಿಗೂ ಬೇಡ. ನೋವು ತಿಂದದ್ದು ಅವಳು, ಸಹನೆ ಕಳೆದುಕೊಂಡದ್ದು ನಾನು. ಬೆನ್ನಿಗೆ ಮೂರು ದಿಂಬು ಕೊಟ್ಟು ಅರ್ಧ ಕೂರಿಸಿ ಮಲಗಿಸಬೇಕು. ಅವಳಿಗೋ ಹುಟ್ಟಿದಾಗಿನಿಂದ ಬೋರಲು ಮಲಗುವ ಅಭ್ಯಾಸ. ಬೆಳಿಗ್ಗೆ ಹೋಗಿ ನೋಡಿದರೆ ದಿಂಬು ಒಂದು ಕಡೆ, ಇವಳು ಒಂದು ಕಡೆ. ತಲೆ ಬಾಚಿಕೊಳ್ಳುವ ಹಾಗಿಲ್ಲ, ನಾನೇ ಬಾಚಬೇಕು. ಬಾಚಿದರೆ ಬೈತಲೆ ಸೊಟ್ಟ ಅಂತ ತಕರಾರು. ಮೇಲಿನ ಕಪಾಟಿನ ಡಬ್ಬಿಗೆ ಕೈ ಹಾಕಬೇಡ ಅಂದರೆ ಬೆನ್ನು ತಿರುಗಿಸುವಷ್ಟರಲ್ಲಿ ಕೈ ಅಲ್ಲೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಗಿತ್ತು ನಮ್ಮ ಸಂಸಾರ.

"ಹಾಳೆ ಅಂಟಿಸಿದ್ದು ಯಾರು? ನೀನಾ ನಾನಾ?" ಅಂತ ಕಿರುಚಿದೆ ಒಂದು ದಿನ.

"ಓದ್ಕೋ ಅಂತ ಹೇಳಿದ್ದು ನಿನಗೆ" ಅಂದಳು.

ನಾಲ್ಕನೆಯ ದಿನ ಬಲಗಡೆಯದು ಎಡಗಡೆಯದಕ್ಕಿಂತ ಮೇಲಿದೆ ಅಂತ ಅತ್ತಳು. ಫೋನು ಮಾಡಿದರೆ, ಒಂದೊಂದು ಕಡೆ ಊತ ಒಂದೊಂದು ಥರ ಇರುತ್ತದೆ, ಕೆಳಗಿಳಿದು ಕೂರಲು ವಾರಗಳು ಬೇಕು, ಒಂದೇ ಕಡೆ ಇದ್ದಕ್ಕಿದ್ದ ಹಾಗೆ ಉಬ್ಬಿದರೆ, ಕೆಂಪಾದರೆ, ಜ್ವರ ಬಂದರೆ ಮಾತ್ರ ತಕ್ಷಣ ಬನ್ನಿ ಅಂದರು. ಜ್ವರ ಬರಲಿಲ್ಲ. ನಾನು ದಿನಕ್ಕೆ ಆರು ಸಲ ಹಣೆ ಮುಟ್ಟಿ ನೋಡಿದೆ. "ಪದೇ ಪದೇ ಮುಟ್ಬೇಡ, ನಿನ್ನ ಕೈಯಿಂದಲೇ ಜ್ವರ ಬರುತ್ತೆ" ಅಂತ ಬೈದಳು. ಅಷ್ಟೆಲ್ಲ ಜಗಳದ ನಡುವೆ ಒಮ್ಮೆ, ಕಣ್ಣು ಮುಚ್ಚಿಕೊಂಡೇ ನನ್ನ ಮುಂಗೈ ಹಿಡಿದು, "ನೀನಿಲ್ದಿದ್ರೆ ನಾನು ಇದಕ್ಕೆ ಧೈರ್ಯ ಮಾಡ್ತಿರ್ಲಿಲ್ಲ ಕಣೇ" ಅಂದಳು. ಅದೊಂದು ಮಾತಿಗಿಂತ ಅವಳು ನಾಲ್ಕು ಬಾರಿಸಿದ್ದರೆ ವಾಸಿಯಿತ್ತು.

ಆರು ವಾರ ಕಳೆಯಿತು. ಡಾಕ್ಟರು ನೋಡಿ, ಕೆಲಸಕ್ಕೆ ಹೋಗಬಹುದು, ಕೈ ಎತ್ತಬಹುದು ಅಂದಳು. ತಂಗಿ ಕುಣಿಯುತ್ತಾ ಬಂದು ಹಸಿರು ಗೌನನ್ನು ನನ್ನ ಮೇಜಿನ ಮೇಲೆ ಹಾಕಿದಳು. "ಆ ತೆಳು ಪದರ ಕಿತ್ತು ಬಿಸಾಕು. ಇನ್ನು ನನಗೆ ಬೇಡ. ನಾಳೆ ಇದನ್ನೇ ಹಾಕ್ಕೊಂಡು ಅಂಗಡಿಗೆ ಹೋಗ್ತೀನಿ."

ನನ್ನ ಲೆಕ್ಕಾಚಾರ ಹೀಗಿತ್ತು. ಮೂರೂ ಪದರ ಕಿತ್ತು, ಡಾರ್ಟು ಬಿಗಿ ಮಾಡಿ, ಪಕ್ಕದ ಹೊಲಿಗೆ ಒಳಗೆ ತಗೊಂಡು, ಅವಳ ಈಗಿನ ಮೈಗೆ ಸರಿಯಾಗಿ ಕೂರುವ ಹಾಗೆ ಮಾಡಿಬಿಡುವುದು. ಒಂದಾದ ಮೇಲೊಂದು ಅವಳ ಹನ್ನೊಂದು ಗೌನನ್ನೂ ಹಾಗೇ ಮಾಡುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮರುದಿನ ಬೆಳಿಗ್ಗೆ ಬೇಗ ಎದ್ದು ಲೈನಿಂಗ್ ಬಿಚ್ಚಿ ಸ್ಪಂಜು ಕಿತ್ತೆ. ಲೈನಿಂಗನ್ನು ಕೈಹೊಲಿಗೆಯಲ್ಲಿ ತಾತ್ಕಾಲಿಕವಾಗಿ ಸೇರಿಸಿಟ್ಟೆ. ಅಷ್ಟರಲ್ಲಿ ಮುಂದಿನ ಕೋಣೆಗೆ ಕೋಟಿನ ಗಿರಾಕಿ ಬಂದಳು. ತೋಳು ಒಂದಿಷ್ಟು ಬಿಗಿ, ಕಾಲರು ಒಂದಿಷ್ಟು ಸಡಿಲ ಅಂತ ಅರ್ಧ ಗಂಟೆ ತಲೆ ತಿಂದಳು. ಅವಳನ್ನು ಕಳಿಸಿ ಒಳಗೆ ಬಂದರೆ ಮೇಜಿನ ಮೇಲೆ ಗೌನಿಲ್ಲ. ಕನ್ನಡಿಯ ಮುಂದೆ ತಂಗಿ ನಿಂತಿದ್ದಳು, ಗೌನು ಹಾಕಿಕೊಂಡು.

ಎದೆಯ ಮೇಲೆ ಬಟ್ಟೆ ಗಾಳಿ ಹೋದ ಚೆಂಡಿನ ಹಾಗೆ ಒಳಗೆ ಕುಸಿದಿತ್ತು. ಅವಳು ಎರಡೂ ಕೈಯಲ್ಲಿ ಆ ಸಡಿಲ ಬಟ್ಟೆಯನ್ನು ಹಿಡಿದುಕೊಂಡಿದ್ದಳು.

"ಅಕ್ಕ, ಇದ್ಯಾಕೆ ಹೀಗೆ?"

ಆಗ ಹೇಳಬಹುದಿತ್ತು. ಸ್ಪಂಜಿನ ಚೂರುಗಳು ಮೇಜಿನ ಕೆಳಗಿನ ಬುಟ್ಟಿಯಲ್ಲೇ ಇದ್ದವು. ಬುಟ್ಟಿಯನ್ನು ಕಾಲಲ್ಲಿ ಒಳಗೆ ತಳ್ಳಿದೆ. "ಊತ ಇಳಿದಿರ್ಬೇಕು" ಅಂದೆ.

ಅದು ಎರಡನೆಯ ಸುಳ್ಳು, ಮೊದಲನೆಯದಕ್ಕಿಂತ ಕೆಟ್ಟದ್ದು. ಅವಳ ಮುಖ ಬಿಳಿಚಿಕೊಂಡಿತು. ಸೋರಿಹೋಗಿದೆ, ಒಳಗೆ ಏನೋ ಆಗಿದೆ ಅಂತ ಕೆಲಸಕ್ಕೂ ಹೋಗದೆ ಸೀದಾ ಆಸ್ಪತ್ರೆಗೆ ಓಡಿದಳು. ನಾನು ಹಿಂದೆ ಓಡಿದೆ. ಡಾಕ್ಟರು ಮುಟ್ಟಿ ನೋಡಿದಳು, ಸ್ಕ್ಯಾನ್ ಮಾಡಿಸಿದಳು. "ಎರಡೂ ಚೆನ್ನಾಗಿ ಕೂತಿವೆ. ಏನೂ ಸೋರಿಲ್ಲ. ನೀವು ಆವತ್ತು ಕನ್ನಡಿಯಲ್ಲಿ ನೋಡಿದ್ದು ಇಷ್ಟೇ" ಅಂದಳು.

"ಮತ್ತೆ ಗೌನು?"

"ಗೌನು ಸಡಿಲ ಅಂತ ಮೈ ಕೊಯ್ಯೋಕಾಗಲ್ಲಮ್ಮ. ಗೌನು ಸರಿ ಮಾಡ್ಸಿ." ಹಾಗಂದು ಡಾಕ್ಟರು ನನ್ನ ಕಡೆ ನೋಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗಿಲ್ಲದ ಹೆಗಲು ಸರಿ ಮಾಡಿಕೊಂಡೆ.

"ಇದನ್ನ ತೆಗೆದು ದೊಡ್ಡದು ಹಾಕಿ" ಅಂದಳು ತಂಗಿ.

"ಹಾಕಲ್ಲ. ಒಂದು ವರ್ಷ ಬಿಡಿ, ಆಮೇಲೆ ಮಾತಾಡೋಣ. ಎರಡನೇ ಸಲ ಅದೇ ಜಾಗ ತೆರೆಯೋದು ಮೊದಲಿನಷ್ಟು ಸುಲಭ ಅಲ್ಲ. ನಿಮ್ಮ ಮೈ ಅಷ್ಟು ದೊಡ್ಡದು ತಡ್ಕೊಳ್ಳಲ್ಲ."

ಒಂದು ವರ್ಷ ಕಾಯುವ ಜಾತಿಯೇ ಅಲ್ಲ ನಮ್ಮದು. ನಾಲ್ಕೇ ದಿನಕ್ಕೆ ಬೇರೊಂದು ಕ್ಲಿನಿಕ್ಕು ಹುಡುಕಿದಳು. ಅಲ್ಲಿಯವನೊಬ್ಬ ಎದೆ ಅಳೆಯದೆ, ಫೋನಿನಲ್ಲೇ, ಎಷ್ಟು ಬೇಕೋ ಅಷ್ಟು ಹಾಕೋಣ ಬನ್ನಿ ಅಂದನಂತೆ. ಮುಂದಿನ ತಿಂಗಳು ಎಂಟನೇ ತಾರೀಕು. ಅವಳು ಗೋಡೆಯ ಹಾಳೆಯ ಮೂಲೆಯಲ್ಲಿ ಪೆನ್ನಿನಿಂದ ‘8’ ಅಂತ ಬರೆದು ಸುತ್ತ ಗೆರೆ ಎಳೆದಳು. ಹಳೆಯ ಹಾಳೆಯೇ ಸಾಕು, ಸೂಚನೆಯೆಲ್ಲ ಒಂದೇ ಅಂದಳು.

ನಾನು ಕೂಗಾಡಿದೆ. ಹುಚ್ಚು ಹಿಡಿದಿದೆಯಾ ಅಂದೆ. ಡಾಕ್ಟರು ಹೇಳಿದ್ದು ಕಿವಿಗೆ ಬೀಳಲಿಲ್ಲವಾ ಅಂದೆ. ಇರುವುದರಲ್ಲಿ ತೃಪ್ತಿಯಿಲ್ಲದವಳು ಅಂತಲೂ ಅಂದೆ. ಆ ಮಾತು ನನ್ನ ಬಾಯಿಂದ ಹೇಗೆ ಬಂತೋ, ನನ್ನ ನಾಲಿಗೆಗೆ ನಾಚಿಕೆಯಿಲ್ಲ. ಅವಳು ತಣ್ಣಗೆ, "ನನಗೆ ಆ ಗೌನಿನೊಳಗಿನೋಳು ಬೇಕು. ಅಷ್ಟೇ. ಇದಕ್ಕೆ ಅಂತ ಚಾಕು ಕೆಳಗೆ ಮಲಗಿ ಎದ್ದಿದ್ದೀನಿ, ಇನ್ನೂ ಅರ್ಧದಲ್ಲೇ ಇದ್ದೀನಿ" ಅಂದು ಹೊರಟಳು.

ಮಧ್ಯಾಹ್ನ ಅಮ್ಮ ಕಸ ಗುಡಿಸಲು ಬಂದಳು. ದಿನಾ ಮಧ್ಯಾಹ್ನ ನನ್ನ ಕೋಣೆ ಗುಡಿಸುವುದು ಅವಳ ಕೆಲಸ, ಬೇಡ ಅಂದರೂ ಬಿಡುವುದಿಲ್ಲ. ಮೇಜಿನ ಕೆಳಗಿನ ಬುಟ್ಟಿ ಹೊರಗೆ ಎಳೆದು, ಅದರೊಳಗೆ ಕೈ ಹಾಕಿ, ಸ್ಪಂಜಿನ ಒಂದು ತುಂಡನ್ನು ಹಿಚುಕಿ ನೋಡಿದಳು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರು ಅಂತಾರೆ" ಅಂದಳು. "ಕೊಡಲಿ ಮಸೆದುಕೊಟ್ಟೋಳು ನೀನು."

"ಏನಮ್ಮ?"

"ಇಪ್ಪತ್ತು ವರ್ಷದಿಂದ ಈ ಕೋಣೆ ಗುಡಿಸ್ತಿದ್ದೀನಿ. ಯಾರ ಬಟ್ಟೆ ಹೊಲಿದಾಗ ಸ್ಪಂಜಿನ ಚೂರು ಎಷ್ಟು ಬೀಳುತ್ತೆ ಅಂತ ನನಗೆ ಗೊತ್ತಾಗಲ್ವಾ? ಹೇಳ್ತೀಯಾ ಹೇಳ್ತೀಯಾ ಅಂತ ಕಾಯ್ತಿದ್ದೆ. ನಾನು ಹೇಳಿದ್ರೆ ಅವಳು ನಿನ್ನನ್ನ ಕ್ಷಮಿಸಲ್ಲ. ನೀನೇ ಹೇಳಿದ್ರೆ ಕ್ಷಮಿಸ್ತಾಳೆ ಅಂತ ನಾನೇನೂ ಹೇಳ್ತಿಲ್ಲ. ಆದ್ರೂ ನೀನೇ ಹೇಳು."

ಪೊರಕೆ ಮೂಲೆಗಿಟ್ಟು ಹೊರಟುಹೋದಳು. ನನಗೆ ಅಮ್ಮನ ಮೇಲೂ ಸಿಟ್ಟು ಬಂತು. ಗೊತ್ತಿದ್ದವಳು ಆವತ್ತೇ ಕಿವಿ ಹಿಂಡಬಾರದಿತ್ತೇ?

ಭಾನುವಾರ ಬೆಳಿಗ್ಗೆ ಅವಳ ಬೀರುವಿನಿಂದ ಉಳಿದ ಹತ್ತು ಗೌನನ್ನೂ ತಂದೆ. ನನ್ನ ಹೊಲಿಗೆ ಕೋಣೆಯ ಬಾಗಿಲು ಹಾಕಿ ಒಂದೊಂದೇ ಬಿಚ್ಚುತ್ತಾ ಹೋದೆ. ನನ್ನದೇ ಹೊಲಿಗೆ, ಗಟ್ಟಿ ಹೊಲಿಗೆ, ಬಿಚ್ಚುವಾಗ ಬೆರಳು ನೊಂದವು. ಹಳೆಯ ಗೌನುಗಳಲ್ಲಿ ಎರಡು ಪದರ, ಹೊಸತರಲ್ಲಿ ಮೂರು, ಹೋದ ವರ್ಷ ಹೊಲಿದ ನೀಲಿಯದರಲ್ಲಿ ಮೂರರ ಮೇಲೊಂದು ಅಂಗೈ ಅಗಲದ ತುಂಡು. ಅದನ್ನು ಹಾಕಿದ್ದು ನನಗೇ ನೆನಪಿರಲಿಲ್ಲ. ಎಲ್ಲವನ್ನೂ ಮೇಜಿನ ಮೇಲೆ ರಾಶಿ ಹಾಕಿದೆ. ರಾಶಿ ನನ್ನ ಗದ್ದದವರೆಗೆ ಬಂತು. ಆಮೇಲೆ ತಂಗಿಯನ್ನು ಕರೆದೆ.

ಅವಳು ಬಂದು ಬಾಗಿಲಲ್ಲೇ ನಿಂತಳು. ಮೊದಲು ಬಿಚ್ಚಿದ ಗೌನುಗಳನ್ನು ನೋಡಿದಳು, ಆಮೇಲೆ ರಾಶಿ.

"ಒಂದು ಪದರ ಅಲ್ಲ" ಅಂದೆ. "ಮೂರು. ಡಾಕ್ಟರ ಮುಂದೆ ಸುಳ್ಳು ಹೇಳಿದೆ. ಊತಾನೂ ಇಳಿದಿಲ್ಲ, ಏನೂ ಸೋರಿಲ್ಲ. ಗೌನಿನೊಳಗೆ ನೀನು ನೋಡ್ತಿದ್ದೋಳು ಯಾವತ್ತೂ ಇರಲಿಲ್ಲ. ಅವಳನ್ನ ಹೊಲಿದಿದ್ದು ನಾನು. ಅವಳಿಗೋಸ್ಕರ ಎಂಟನೇ ತಾರೀಕು ಮಲಗ್ಬೇಡ. ನಿನ್ನ ಕಾಲು ಹಿಡೀತೀನಿ."

ಅವಳು ರಾಶಿಯಿಂದ ಒಂದನ್ನು ಎತ್ತಿಕೊಂಡಳು. ಕನ್ನಡಕದ ಗಾಜು ನೋಡುವವಳ ಹಾಗೆ ಬೆಳಕಿಗೆ ಹಿಡಿದು, ಪದರ ಪದರ ಬಿಡಿಸಿ, ನಾನು ಸವರಿ ಇಳಿಸಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಎಷ್ಟು ಚೆನ್ನಾಗಿ ಮಾಡಿದ್ದೀಯ" ಅಂದಳು. ವ್ಯಂಗ್ಯವೇನೂ ಇರಲಿಲ್ಲ ದನಿಯಲ್ಲಿ. ಅದೇ ಹೆಚ್ಚು ಚುಚ್ಚಿತು.

"ಶಾಲೇಲಿ ಹುಡುಗೀರು ಕಡ್ಡಿ ಅಂದ್ರು, ಆಯ್ತು. ಅವರಿಗೆ ಬೇರೆ ಕೆಲ್ಸ ಇರಲಿಲ್ಲ. ನೀನು ಬಾಯಲ್ಲಿ ಒಂದ್ಸಲಾನೂ ಅನ್ನಲಿಲ್ಲ. ಪ್ರತಿ ಗೌನಲ್ಲೂ ಹೊಲಿದೆ. ಇನ್ನೂ ಸಾಲ್ದು, ಇನ್ನೂ ಸಾಲ್ದು ಅಂತ."

"ನಿನಗೆ ಒಳ್ಳೇದಾಗ್ಲಿ ಅಂತ..."

"ಸುಮ್ನಿರು."

ಅವಳು ಗೋಡೆಯ ಹತ್ತಿರ ಹೋಗಿ ಆ ಹಾಳೆಯನ್ನು ಕಿತ್ತಳು. ಅರ್ಧಕ್ಕೆ, ಮತ್ತರ್ಧಕ್ಕೆ ಮಡಚಿ ಸ್ಪಂಜಿನ ರಾಶಿಯ ಮೇಲೆ ಹಾಕಿದಳು. ಅಲ್ಲೇ ನಿಂತು ಆ ಕ್ಲಿನಿಕ್ಕಿಗೆ ಫೋನು ಮಾಡಿ, ಬರುವುದಿಲ್ಲ ಅಂದಳು. ಕಾರಣ ಕೇಳಿದರೇನೋ, "ಅಳತೆ ತಪ್ಪಾಗಿತ್ತು" ಅಂದು ಇಟ್ಟಳು. ನನಗೆ ದೊಡ್ಡ ಸಮಾಧಾನವಾಯಿತು.

"ಟೇಪು ತಗೋ" ಅಂದಳು. "ಅಳತೆ ತಗೊಂಡು ಬರಿ."

ಬನಿಯನಿನಲ್ಲಿ, ಕೈ ಇಳಿಬಿಟ್ಟು, ನೆಟ್ಟಗೆ ನಿಂತಳು. ಭುಜ, ಎದೆ, ಸೊಂಟ. ಟೇಪು ಅವಳ ಎದೆಯ ಸುತ್ತ ತಂದು ಹಿಡಿದೆ. ಹತ್ತೊಂಬತ್ತು ವರ್ಷದ ಅಭ್ಯಾಸ ನೋಡಿ, ಪೆನ್ಸಿಲು ಹಿಡಿದ ಕೈ ತನ್ನಷ್ಟಕ್ಕೆ ತಾನೇ ಎರಡು ಇಂಚು ಹೆಚ್ಚು ಬರೆಯಲು ಹೊರಟಿತು. ಅವಳು ಕತ್ತು ಬಗ್ಗಿಸಿ ಟೇಪನ್ನೇ ನೋಡುತ್ತಿದ್ದಳು.

"ಕಂಡಿದ್ದನ್ನ ಬರಿ."

ಕಂಡದ್ದನ್ನು ಬರೆದೆ. ಒಳ್ಳೆಯ ಅಳತೆ. ಅವಳ ಭುಜಕ್ಕೂ ಸೊಂಟಕ್ಕೂ ಚೆನ್ನಾಗಿ ಹೊಂದುವ ಅಳತೆ. ಇದಕ್ಕೆ ಎರಡೇ ಡಾರ್ಟು ಸಾಕು, ಸ್ಪಂಜಿನ ಹಂಗಿಲ್ಲ. ತಿಳಿ ಬಣ್ಣದ ಬಟ್ಟೆ ತಂದು, ಲೈನಿಂಗೇ ಇಲ್ಲದ ಗೌನು ಹೊಲಿಯಬೇಕು ಅಂತ ನನ್ನ ತಲೆ ಆಗಲೇ ಕತ್ತರಿ ಹಾಕಲು ಸುರು ಮಾಡಿತ್ತು. "ಮೊದಲು ಒಂದು ಹೊಲಿದು ಕೊಡ್ತೀನಿ, ಬುಧವಾರಕ್ಕೆ..." ಅಂದೆ.

ಅವಳು ನನ್ನ ಕೈಯಿಂದ ಅಳತೆ ಪುಸ್ತಕ ತೆಗೆದುಕೊಂಡು ಆ ಪುಟವನ್ನು ನಿಧಾನವಾಗಿ, ಬೈಂಡಿನ ಗುಂಟ, ಒಂದು ಚೂರೂ ಉಳಿಯದ ಹಾಗೆ ಹರಿದಳು. ಮಡಚಿ ಕೈಚೀಲಕ್ಕೆ ಹಾಕಿಕೊಂಡಳು.

"ಬೇಡ" ಅಂದಳು. "ಕನ್ನಡಕದಂಗಡಿ ಪಕ್ಕ ಒಬ್ಬ ಟೈಲರ್ ಇದ್ದಾನೆ. ಇದನ್ನ ಅವನಿಗೆ ತೋರಿಸ್ತೀನಿ."